ಏರ್‌ಪೋರ್ಟ್ ಸೆಕ್ಯುರಿಟಿ ಚೆಕ್: ತಪಾಸಣೆಗೆ ನಾಲ್ಕು ಸ್ಟಾರ್, ತಿಳಿಸಿ ಹೇಳುವುದಕ್ಕೆ ಎರಡು

ವಿಮಾನದ ಟಿಕೆಟ್ ಬುಕ್ ಮಾಡುವಾಗ ದರದ ವಿವರದಲ್ಲಿ ‘ಏವಿಯೇಷನ್ ಸೆಕ್ಯುರಿಟಿ ಫೀ’ ಅಂತ ಒಂದು ಸಾಲು ಇರುತ್ತದೆ, ನೋಡಿದ್ದೀರಾ? 2021ರ ಏಪ್ರಿಲ್‌ನಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಅದು 160 ರೂಪಾಯಿಯಿಂದ 200ಕ್ಕೆ ಏರಿತು. ಅಂದರೆ ಸೆಕ್ಯುರಿಟಿ ಚೆಕ್ ಬಿಟ್ಟಿ ಸೇವೆ ಅಲ್ಲ, ದುಡ್ಡು ಕೊಟ್ಟೇ ಆ ಸಾಲಿನಲ್ಲಿ ನಿಲ್ಲುತ್ತೇವೆ. ಹೋಟೆಲ್, ಕ್ಯಾಬ್, ಏರ್‌ಲೈನ್ ಎಲ್ಲಕ್ಕೂ ಸ್ಟಾರ್ ಕೊಡುವ ನಾವು ಇದರ ಬಗ್ಗೆ ಮಾತ್ರ ಬರೆಯುವುದಿಲ್ಲ. ಬರೆಯಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ತಪಾಸಣೆಗೆ ಐದಕ್ಕೆ ನಾಲ್ಕು. ಜನರಿಗೆ ತಿಳಿಸಿ ಹೇಳುವುದಕ್ಕೆ ಐದಕ್ಕೆ ಎರಡು. ಈ ಎರಡನೆಯದು ಸರಿಹೋಗದಿದ್ದರೆ ಮೊದಲನೆಯದೂ ಕೆಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹೆಚ್ಚಾಗಿ ಓಡಾಡುವುದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ. ಅಲ್ಲಿ ಖಾಲಿ ಟ್ರೇಗಳು ಬೆಲ್ಟಿನ ಮೇಲೆ ತಾವಾಗಿಯೇ ವಾಪಸ್ ಬರುವ ವ್ಯವಸ್ಥೆ ಇದೆ. ಒಂದೇ ಬೆಲ್ಟಿನ ಪಕ್ಕದಲ್ಲಿ ನಾಲ್ಕಾರು ಜನ ನಿಂತು ತಮ್ಮ ಸಾಮಾನು ಇಡಬಹುದು, ಒಬ್ಬರು ಲ್ಯಾಪ್‌ಟಾಪ್ ಹುಡುಕುತ್ತಾ ನಿಂತರೆ ಹಿಂದಿನವರೆಲ್ಲ ಕಾಯಬೇಕಿಲ್ಲ. ಅನುಮಾನ ಬಂದ ಟ್ರೇ ಪಕ್ಕದ ಸಾಲಿಗೆ ತಿರುಗುತ್ತದೆ, ಉಳಿದವರ ಚೀಲ ಮುಂದೆ ಹೋಗುತ್ತಿರುತ್ತದೆ. ಕೈಚೀಲಕ್ಕೆ ಟ್ಯಾಗ್ ಕಟ್ಟಿ ಸೀಲ್ ಹೊಡೆಸುವ ಪದ್ಧತಿ 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಏಳು ನಿಲ್ದಾಣಗಳಲ್ಲಿ ನಿಂತಿತು. ಅದಂತೂ ದೊಡ್ಡ ನೆಮ್ಮದಿ. ಮೊದಲೆಲ್ಲ ಟ್ಯಾಗಿನ ಮೇಲೆ ಸೀಲ್ ಬಿದ್ದಿಲ್ಲ ಅಂತ ಬೋರ್ಡಿಂಗ್ ಗೇಟಿನಿಂದ ಜನ ವಾಪಸ್ ಓಡುತ್ತಿದ್ದರು, ನೆನಪಿದೆಯಲ್ವಾ?

ನಮ್ಮ ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ಈ ಕೆಲಸ ಮಾಡುವವರು ಸಿಐಎಸ್‌ಎಫ್ ಅನ್ನುವ ಕೇಂದ್ರದ ಭದ್ರತಾ ಪಡೆಯವರು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರಲ್ಲ, ಅದಾದ ಮೇಲೆ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣ ಇವರ ಕೈಗೆ ಬಂತು. ನಿಯಮ ಮಾಡುವುದು ಬಿಸಿಎಎಸ್ ಅನ್ನುವ ಕೇಂದ್ರ ಸರ್ಕಾರದ ಇಲಾಖೆ. ಸಾಲಿನಲ್ಲಿ ನಿಂತು ನಾವು ಸಿಟ್ಟು ಮಾಡಿಕೊಳ್ಳುವುದು ಎದುರಿಗೆ ಕಾಣುವ ಸಿಬ್ಬಂದಿಯ ಮೇಲೆ. ಪಾಪ, ನಿಯಮ ಅವರದ್ದಲ್ಲ.

ಈಗ ಮುಖ್ಯ ಪ್ರಶ್ನೆ. ಇಷ್ಟೆಲ್ಲ ನೋಡುತ್ತಾರಲ್ಲ, ಸಿಗುತ್ತದಾ?

ಎಕ್ಸ್‌ರೇ ಯಂತ್ರ ಚೀಲದೊಳಗಿನದ್ದನ್ನು ಬಣ್ಣದಲ್ಲಿ ತೋರಿಸುತ್ತದೆ. ತಿಂಡಿ, ಬಟ್ಟೆ, ಕಾಗದದಂಥ ಸಾವಯವ ವಸ್ತು ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ, ಲೋಹ ನೀಲಿ, ನಡುವಿನದ್ದು ಹಸಿರು. ಬಹಳಷ್ಟು ಸ್ಫೋಟಕಗಳೂ ಸಾವಯವವೇ. ಹಾಗಾಗಿ ನಿಮ್ಮ ಮೈಸೂರುಪಾಕಿನ ಡಬ್ಬಿ ನೋಡಿ ಪರದೆಯ ಮುಂದೆ ಕೂತವರು ಒಂದು ಕ್ಷಣ ಬೆಲ್ಟ್ ನಿಲ್ಲಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಲ್ಯಾಪ್‌ಟಾಪ್ ಹೊರಗೆ ತೆಗೆಸುವುದಕ್ಕೂ ಕಾರಣ ಇದೆ. ಅದರ ಬ್ಯಾಟರಿ, ಬೋರ್ಡುಗಳೆಲ್ಲ ದಟ್ಟವಾಗಿ ಕಂಡು ಕೆಳಗಿರುವುದನ್ನು ಮುಚ್ಚಿಬಿಡುತ್ತವೆ. ಎಲ್ಲ ಕೋನಗಳಿಂದಲೂ ನೋಡುವ ಹೊಸ ಸಿಟಿ ಸ್ಕ್ಯಾನರ್ ಇರುವ ಕಡೆ ಈ ತೊಂದರೆ ಇಲ್ಲ, ಅದಕ್ಕೇ ಕೆಲವು ದೇಶಗಳಲ್ಲಿ ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ ಅನ್ನುತ್ತಾರೆ.

ಯಂತ್ರ ಎಷ್ಟೇ ಒಳ್ಳೆಯದಿರಲಿ, ನೋಡುವುದು ಮನುಷ್ಯರ ಕಣ್ಣು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಇದು ಗೊತ್ತು. ಹತ್ತು ಮೊರ ಆರಿಸಿದರೂ ಒಂದು ಕಲ್ಲೂ ಸಿಗದಿದ್ದರೆ ಹನ್ನೊಂದನೆಯದರಲ್ಲಿ ಇರುವ ಕಲ್ಲೂ ಕಣ್ಣಿಗೆ ಬೀಳುವುದಿಲ್ಲ. ಜೆರೆಮಿ ವುಲ್ಫ್ ಅನ್ನುವ ವಿಜ್ಞಾನಿಯ ತಂಡ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿತು. ಹುಡುಕಬೇಕಾದ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಅದನ್ನು ಕಾಣದೆ ಬಿಟ್ಟದ್ದು ಶೇ. 7ರಷ್ಟು ಸಲ. ನೂರು ಚಿತ್ರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು ಸಲ. ವಿಮಾನ ನಿಲ್ದಾಣದಲ್ಲಿ ಪರದೆ ನೋಡುವವರಿಗೆ ನಿಜವಾದ ಬಾಂಬು ಇಡೀ ನೌಕರಿಯಲ್ಲೇ ಒಂದು ಸಲವೂ ಸಿಗದೆ ಹೋಗಬಹುದು. ಅದಕ್ಕೇ ಆಗಾಗ ಸುಳ್ಳು ಪಿಸ್ತೂಲಿನ, ಚಾಕುವಿನ ಚಿತ್ರವನ್ನು ಪರದೆಯ ಮೇಲೆ ಬೀಳಿಸಿ ಅವರನ್ನು ಎಚ್ಚರದಲ್ಲಿಡುವ ತಂತ್ರಾಂಶ ಇದೆ. ಯುರೋಪಿನಲ್ಲಂತೂ 20 ನಿಮಿಷಕ್ಕಿಂತ ಜಾಸ್ತಿ ಒಬ್ಬರೇ ಪರದೆ ನೋಡುವಂತಿಲ್ಲ.

ಅಮೆರಿಕದಲ್ಲಿ 2015ರಲ್ಲಿ ಹೊರಬಿದ್ದ ಸುದ್ದಿ ಗೊತ್ತಿರಬಹುದು. ಅಲ್ಲಿನ ಸರ್ಕಾರದ್ದೇ ಪರೀಕ್ಷಾ ತಂಡದವರು ಪ್ರಯಾಣಿಕರ ವೇಷದಲ್ಲಿ ನಕಲಿ ಬಾಂಬು, ಆಯುಧ ತೆಗೆದುಕೊಂಡು ಹೋದರು. 70 ಸಲದಲ್ಲಿ 67 ಸಲ ದಾಟಿಬಿಟ್ಟರು. ಅಲ್ಲಿ ತಪಾಸಣೆ ನಡೆಸುವ ಟಿಎಸ್‌ಎ ಸಂಸ್ಥೆಯ ಹಂಗಾಮಿ ಮುಖ್ಯಸ್ಥರನ್ನೇ ಆ ಜಾಗದಿಂದ ಬದಲಾಯಿಸಬೇಕಾಯಿತು. ಅದನ್ನು ಓದಿದವರು ಇದೆಲ್ಲ ಬರೀ ನಾಟಕ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಳಗುಟ್ಟು ಗೊತ್ತಿರುವ ಪರಿಣತರು ಬೇಕೆಂದೇ ದಾಟುವುದಕ್ಕೂ, ಸಿಕ್ಕಿಬೀಳುವ ಭಯ ಇರುವವನು ದಾಟಲು ನೋಡುವುದಕ್ಕೂ ವ್ಯತ್ಯಾಸ ಇದೆ. ಜೊತೆಗೆ, ನಮ್ಮ ಕಣ್ಣಿಗೆ ಕಾಣುವ ಟ್ರೇ-ಬೆಲ್ಟಿನ ಕೆಲಸ ಇಡೀ ಭದ್ರತೆಯ ಒಂದು ಭಾಗ ಅಷ್ಟೇ.

ಕನಿಷ್ಕ ನೆನಪಿಸಿಕೊಳ್ಳಿ. 1985ರ ಜೂನ್ 23ರಂದು ಏರ್ ಇಂಡಿಯಾದ ಆ ವಿಮಾನ ಐರ್ಲೆಂಡಿನ ಹತ್ತಿರ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸ್ ಕಳಿಸಿದವನು ತಾನು ವಿಮಾನ ಹತ್ತಲೇ ಇಲ್ಲ. ಟೊರಾಂಟೊದಲ್ಲಿ ಎಕ್ಸ್‌ರೇ ಯಂತ್ರ ಅರ್ಧದಲ್ಲೇ ಕೆಟ್ಟು, ಉಳಿದ ಸಾಮಾನನ್ನು ಕೈಯಲ್ಲಿ ಹಿಡಿಯುವ ಒಂದು ಸಾಧನದಿಂದ ನೋಡಿ ಹತ್ತಿಸಿದರು. ಇವತ್ತು ಯಾರೋ ಒಬ್ಬರು ಗೇಟಿಗೆ ಬರಲಿಲ್ಲ ಅಂತ ಅವರ ಸೂಟ್‌ಕೇಸ್ ಹುಡುಕಿ ಇಳಿಸುವವರೆಗೆ ವಿಮಾನ ನಿಂತಿರುತ್ತದಲ್ಲ, ಆಗ ಗೊಣಗುವವರಿಗೆ ನಾನು ಹೇಳುವುದು ಇದನ್ನೇ. ನಮ್ಮ ಮಂಗಳೂರಿನಲ್ಲಿ 2020ರ ಜನವರಿ 20ರಂದು ನಿಲ್ದಾಣದಲ್ಲಿ ಬಾಂಬು ಸಿಕ್ಕಿತಲ್ಲ, ಅದನ್ನು ಹಿಡಿದದ್ದೂ ಸ್ಕ್ಯಾನರ್ ಅಲ್ಲ. ಯಾರದ್ದೂ ಅಲ್ಲದ ಒಂದು ಚೀಲ ಕಾವಲಿನವರ ಕಣ್ಣಿಗೆ ಬಿತ್ತು, ಕೆಂಜಾರಿನ ಬಯಲಿಗೆ ಒಯ್ದು ಸ್ಫೋಟಿಸಿದರು. ತಪಾಸಣೆಗೆ ನಾಲ್ಕು ಸ್ಟಾರ್ ಕೊಟ್ಟಿದ್ದು ಇದಕ್ಕೆ.

ಇನ್ನು ಎರಡು ಸ್ಟಾರಿನ ವಿಷಯ.

ಒಂದು ನಿಲ್ದಾಣದಲ್ಲಿ ಚಾರ್ಜರ್ ಹೊರಗೆ ತೆಗೆಯಿರಿ ಅನ್ನುತ್ತಾರೆ, ಇನ್ನೊಂದರಲ್ಲಿ ಒಳಗೇ ಇರಲಿ ಬಿಡಿ ಅನ್ನುತ್ತಾರೆ. ಒಂದು ಕಡೆ ಬೆಲ್ಟ್ ಬಿಚ್ಚಬೇಕು, ಇನ್ನೊಂದು ಕಡೆ ಬೇಡ. ಒಂದು ಕಡೆ ಛತ್ರಿ ಹೊರಗೆ, ಇನ್ನೊಂದು ಕಡೆ ಅದನ್ನು ಕೇಳುವವರೇ ಇಲ್ಲ. ಎಲ್ಲ ಕಡೆ ಒಂದೇ ಥರ ಇದ್ದರೆ ಕೆಟ್ಟವರಿಗೆ ಅನುಕೂಲ ಆಗುತ್ತದೆ ಅಂತ ಕೆಲವರು ವಾದಿಸುತ್ತಾರೆ. ಯಾರನ್ನು ಎರಡನೇ ಸಲ ನೋಡುತ್ತಾರೆ, ಯಾವ ಚೀಲಕ್ಕೆ ಹತ್ತಿ ಪಟ್ಟಿ ಸವರಿ ಸ್ಫೋಟಕದ ಕಣ ಹುಡುಕುತ್ತಾರೆ ಅನ್ನುವುದು ಗುಟ್ಟಾಗಿರಲಿ, ಇರಲೇಬೇಕು. ಚಾರ್ಜರ್ ಎಲ್ಲಿಡಬೇಕು ಅನ್ನುವುದರಲ್ಲಿ ಏನು ಗುಟ್ಟು? ಅದು ಗೊತ್ತಿಲ್ಲದೆ ಜನ ಯಂತ್ರದ ಬಾಯಿಯ ಹತ್ತಿರ ನಿಂತು ಚೀಲ ಬಿಚ್ಚುತ್ತಾರೆ, ಅರ್ಧಕ್ಕರ್ಧ ಚೀಲ ಮತ್ತೊಮ್ಮೆ ಒಳಗೆ ಹೋಗುತ್ತದೆ, ಸಾಲು ಬೆಳೆಯುತ್ತದೆ, ಹಿಂದಿನವರು ವಿಮಾನ ತಪ್ಪುತ್ತದೆ ಅಂತ ಕೂಗುತ್ತಾರೆ, ಆ ಒತ್ತಡ ಎಲ್ಲ ಕೊನೆಗೆ ಹೋಗಿ ಬೀಳುವುದು ಪರದೆ ನೋಡುತ್ತಿರುವ ಆ ಒಬ್ಬರ ಕಣ್ಣಿನ ಮೇಲೆ. ಅವರಿಗೆ ಒಂದು ಚಿತ್ರ ನೋಡಲು ಸಿಗುವ ಸಮಯ ಮೊದಲೇ ಕೆಲವೇ ಸೆಕೆಂಡು. ಪ್ರಯಾಣಿಕರಿಗೆ ಆಗುವ ಕಿರಿಕಿರಿಯನ್ನು ಭದ್ರತೆಗೆ ತೆರುವ ಬೆಲೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ಆ ಕಿರಿಕಿರಿಯೇ ಭದ್ರತೆಯನ್ನು ತಿನ್ನುತ್ತಿದೆ.

ನನ್ನ ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ, ಒಳಗೆ ಲೋಹ ಇದೆ. ಅವರು ಬಾಗಿಲು ದಾಟಿದರೆ ಯಂತ್ರ ಕೂಗುತ್ತದೆ, ಅದು ಸರಿಯೇ. ಪರದೆ ಹಾಕಿದ ಗೂಡಿನೊಳಗೆ ಹೆಂಗಸರೇ ಕೈಯಲ್ಲಿ ಹಿಡಿಯುವ ಯಂತ್ರದಿಂದ ನೋಡುತ್ತಾರೆ, ಅದೂ ಸರಿ. ಆದರೆ ಹೊರ ರಾಜ್ಯದ ಒಂದು ನಿಲ್ದಾಣದಲ್ಲಿ ಅವರಿಗೆ ಕೂರಲು ಒಂದು ಕುರ್ಚಿ ಇರಲಿಲ್ಲ. ಚಪ್ಪಲಿ ಬಿಚ್ಚಿಸಿ ನಿಲ್ಲಿಸಿದರು, ಮತ್ತೆ ಹಾಕಿಕೊಳ್ಳಲು ಬಗ್ಗುವುದಕ್ಕೆ ಆಗುತ್ತಿಲ್ಲ, ಏನು ಕೇಳುತ್ತಿದ್ದಾರೆ ಅಂತ ಭಾಷೆಯೂ ತಿಳಿಯುತ್ತಿಲ್ಲ. ಹೊರಗೆ ಬಂದಾಗ ಅಮ್ಮ ಅಂದಿದ್ದು ಇಷ್ಟೇ: ‘ನಾನೇನು ಮಾಡಿದೆ ಅಂತ ಹಾಗೆ ನಿಲ್ಲಿಸಿದರು?’ ಒಂದು ಕುರ್ಚಿ, ಒಂದು ಸಮಾಧಾನದ ಮಾತು ಇದ್ದಿದ್ದರೆ ತಪಾಸಣೆಗೆ ಒಂಚೂರೂ ಕಡಿಮೆ ಆಗುತ್ತಿರಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ನೃತ್ಯಗಾರ್ತಿ ಸುಧಾ ಚಂದ್ರನ್ ಅವರು 2021ರಲ್ಲಿ ವಿಡಿಯೊ ಮಾಡಿ, ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಾರೆ ಅಂತ ನೋವು ತೋಡಿಕೊಂಡರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಕೇಳಿದ್ದು ಒಳ್ಳೆಯದೇ. ಅಬ್ದುಲ್ ಕಲಾಂ ಅವರನ್ನೂ 2011ರಲ್ಲಿ ನ್ಯೂಯಾರ್ಕಿನಲ್ಲಿ ತಪಾಸಣೆ ಮಾಡಿದರು, ಆಮೇಲೆ ಅಮೆರಿಕ ಕ್ಷಮೆ ಕೇಳಿತು. ಹೆಸರಿದ್ದವರಿಗೆ ಕ್ಷಮೆಯಾದರೂ ಸಿಗುತ್ತದೆ. ಶಿವಮೊಗ್ಗದ ಕಡೆಯ ಒಬ್ಬ ಅಜ್ಜಿಗೆ ಯಾರು ಕೇಳುತ್ತಾರೆ?

ಚೀಲದಲ್ಲಿ ಏನಿಡಬಾರದು ಅನ್ನುವುದನ್ನೂ ಸರಿಯಾಗಿ ತಿಳಿಸುವವರಿಲ್ಲ. ಕನ್ನಡದಲ್ಲಂತೂ ಸಿಗುವುದೇ ಕಡಿಮೆ. ಇಡೀ ಕೊಬ್ಬರಿ ಗಿಟುಕು ಬೇಡ ಅಂದರೆ ನಮ್ಮವರಿಗೆ ಆಶ್ಚರ್ಯ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕು ಅಂತ ವಿಮಾನ ಸಾಗಣೆಯ ಅಪಾಯಕಾರಿ ಪಟ್ಟಿಯಲ್ಲಿದೆ. ಈ ಒಂದು ಮಾತು ಹೇಳಿದರೆ ಯಾರಾದರೂ ಒಪ್ಪುತ್ತಾರೆ. ಹೇಳದೆ ಕಿತ್ತುಕೊಂಡರೆ ಬೇಜಾರಾಗುತ್ತದೆ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ 2024ರ ಅಕ್ಟೋಬರ್‌ನಲ್ಲಿ ಆ ಸೀಸನ್ನಿಗೆ ಅಂತ ವಿನಾಯಿತಿ ಕೊಟ್ಟರು, ತಪಾಸಣೆ ಮಾಡಿಯೇ ಒಳಗೆ ಬಿಟ್ಟರು. ಮನಸ್ಸಿದ್ದರೆ ದಾರಿ ಇದೆ ಅಂತ ಅರ್ಥ. ಹಿರಿಯರ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ಇರುತ್ತದೆ, ಅದನ್ನು ಮನೆಯಲ್ಲೇ ತೆಗೆದು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಉಪ್ಪಿನಕಾಯಿ, ತುಪ್ಪ, ಪುಳಿಯೋಗರೆ ಗೊಜ್ಜು ಕೂಡ ಅಲ್ಲಿಗೇ ಹೋಗಲಿ.

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಜನ ಇರುವ ಕಡೆ ನೋಡಿ ಆರಿಸಬಹುದು, ಕೆಳಗೆ ಸಾಮಾನಿನ ಗೂಡಿನಲ್ಲಿ ಹತ್ತಿದರೆ ಕಷ್ಟ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ಏರ್ ಬುಸಾನ್ ವಿಮಾನ ನೆಲದ ಮೇಲೆಯೇ ಹೊತ್ತಿ ಉರಿಯಿತು, ಪವರ್ ಬ್ಯಾಂಕ್ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದರು. ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಬಿಟ್ಟರೆ ಅದು ಒಳಗೆ ಎಕ್ಸ್‌ರೇಯಲ್ಲಿ ಸಿಕ್ಕಿ, ನಿಮ್ಮ ಹೆಸರು ಕೂಗುತ್ತಾರೆ ಅಥವಾ ಸೂಟ್‌ಕೇಸ್ ಅಲ್ಲೇ ಉಳಿಯುತ್ತದೆ.

ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. 2001ರಲ್ಲಿ ರಿಚರ್ಡ್ ರೀಡ್ ಅನ್ನುವವನು ಶೂನಲ್ಲಿ ಸ್ಫೋಟಕ ಇಟ್ಟುಕೊಂಡು ಹೋಗಿ ಸಿಕ್ಕಿಬಿದ್ದ ಮೇಲೆ ಅಮೆರಿಕದಲ್ಲಿ ಶೂ ಬಿಚ್ಚಿಸುವ ಪದ್ಧತಿ ಬಂದಿತ್ತು. 2025ರ ಜುಲೈನಲ್ಲಿ ಅದನ್ನು ಕೈಬಿಟ್ಟರು. 100 ಎಂಎಲ್ ದ್ರವದ ಮಿತಿ ಬಂದದ್ದು ದ್ರವ ಸ್ಫೋಟಕದಿಂದ ವಿಮಾನ ಉಡಾಯಿಸಲು ಹೂಡಿ, 2006ರಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಸಂಚಿನಿಂದ. ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳಲ್ಲಿ ಈಗ 2 ಲೀಟರ್‌ವರೆಗೆ ಬಿಡುತ್ತಾರೆ. ಆದರೆ ಬೆಂಗಳೂರಿನಿಂದ ಹೊರಡುವಾಗ, ನಡುವೆ ವಿಮಾನ ಬದಲಿಸುವಾಗ ಹಳೆಯ ಮಿತಿಯೇ ಅಂದುಕೊಂಡು ಹೊರಡಿ. ಗೊಜ್ಜೂ ದ್ರವದ ಲೆಕ್ಕಕ್ಕೇ ಬರುತ್ತದೆ.

ಡಿಜಿಯಾತ್ರಾ ಬಗ್ಗೆ ತುಂಬಾ ಜನ ಕೇಳುತ್ತಾರೆ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಯಿತು. ಮುಖ ತೋರಿಸಿ ಹೊರ ಬಾಗಿಲು ಬೇಗ ದಾಟಬಹುದು. ಟ್ರೇ, ಬೆಲ್ಟು, ಮೈ ತಪಾಸಣೆ ಹಾಗೇ ಇರುತ್ತದೆ, ಅಲ್ಲಿ ಯಾವ ಉಳಿತಾಯವೂ ಇಲ್ಲ. ಕಡ್ಡಾಯವೂ ಅಲ್ಲ, ಬೇಡ ಅನ್ನಿಸಿದರೆ ಬಿಡಿ.

ಆಗಬೇಕಾದ್ದು ದೊಡ್ಡದೇನಲ್ಲ. ಸಾಲು ಶುರುವಾಗುವಲ್ಲೇ ಏನು ಹೊರಗೆ, ಏನು ಒಳಗೆ ಅಂತ ಕನ್ನಡದಲ್ಲಿ, ಚಿತ್ರದ ಜೊತೆ ದೊಡ್ಡ ಬೋರ್ಡು. ಬೆಲ್ಟಿನ ಎರಡೂ ಕಡೆ ಕುರ್ಚಿ. ಹೆಂಗಸರಿಗೆ ಇನ್ನೊಂದಿಷ್ಟು ಗೂಡು, ಯಾಕೆಂದರೆ ಎಷ್ಟೋ ಕಡೆ ನಮ್ಮ ಚೀಲ ಬೆಲ್ಟಿನ ಆಚೆ ಬಂದು ಬಿದ್ದಿರುತ್ತದೆ, ನಾವಿನ್ನೂ ಗೂಡಿನ ಮುಂದೆ ಸಾಲಿನಲ್ಲಿ ನಿಂತಿರುತ್ತೇವೆ. ಫೋನು, ಪರ್ಸು, ಬಳೆ ಎಲ್ಲ ಅಲ್ಲಿ ಟ್ರೇಯಲ್ಲಿ, ಕಣ್ಣು ಪೂರ್ತಿ ಅದರ ಮೇಲೆ.

ಹಿರಿಯರ ಜೊತೆ ಹೋಗುವವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಆಪರೇಷನ್ ಆಗಿದ್ದರೆ ಡಾಕ್ಟರ ಚೀಟಿ ಕೈಯಲ್ಲೇ ಇಟ್ಟುಕೊಳ್ಳಿ. ಎಲ್ಲರ ಮುಂದೆ ನೋಡುವುದು ಮುಜುಗರ ಅನ್ನಿಸಿದರೆ ಪ್ರತ್ಯೇಕ ಕೋಣೆ ಕೇಳಿ. ಕುರ್ಚಿ ಇಲ್ಲದಿದ್ದರೆ ‘ಅಮ್ಮಂಗೆ ಒಂದು ಕುರ್ಚಿ ತರಿಸಿ’ ಅಂತ ಜೋರಾಗಿಯೇ ಕೇಳಿ, ತರಿಸುತ್ತಾರೆ. ತರಿಸದಿದ್ದರೆ ನಿಲ್ದಾಣದ ಹೆಸರು, ದಿನ, ಹೊತ್ತು ಬರೆದು ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ.