‘ಕೃಪೆ: ಇಂಟರ್ನೆಟ್’ ಅಂತ ಬರೆದು ಕೈ ಸುಟ್ಟುಕೊಂಡೆ

ಪುಣೆಯಲ್ಲಿ ಚಾಕಣ, ಭೋಸರಿ ಕಡೆಯ ಕಾರ್ಖಾನೆಗಳಿಗೆ ಹೋಗಿ ಸುರಕ್ಷತಾ ತರಬೇತಿ ಕೊಡುವುದು ನನ್ನ ಕೆಲಸ. ಕಲಬುರಗಿ, ವಿಜಯಪುರದಿಂದ ಬಂದ ಹುಡುಗರು ಅಲ್ಲಿ ಸಿಗುತ್ತಲೇ ಇರುತ್ತಾರೆ. ಅವರಿಗಾಗಿ ಕನ್ನಡದಲ್ಲಿ 48 ಪುಟದ ಕೈಪಿಡಿ ಮಾಡಿದೆ. ಅಪ್ಪಾ ಬಳವಂತ ಚೌಕದ ಹತ್ತಿರ 400 ಪ್ರತಿ ಪ್ರಿಂಟ್ ಹಾಕಿಸಿದೆ. ಕೆಲಸ ಕೊಟ್ಟ ಕಾರ್ಖಾನೆಯವರು ಖುಷಿಯಿಂದ ಅದರ ಪಿಡಿಎಫ್ ಅನ್ನು ತಮ್ಮ ವೆಬ್‌ಸೈಟಿಗೂ ಹಾಕಿದರು. ಎಡವಟ್ಟು ಶುರುವಾಗಿದ್ದು ಅಲ್ಲಿಂದ.

17ನೇ ಪುಟದಲ್ಲಿ ಒಂದು ಫೋರ್ಕ್‌ಲಿಫ್ಟ್ ಫೋಟೋ ಇತ್ತು. ಪುಟ ಜೋಡಿಸಿಕೊಟ್ಟ ಬೆಳಗಾವಿ ಹುಡುಗ ಹುಡುಕಿದ್ದು. “ಅಕ್ಕಾರ, ಇದು ಫ್ರೀ ಐತ್ರಿ, ಕ್ರಿಯೇಟಿವ್ ಕಾಮನ್ಸ್” ಅಂದ. ಅಂದರೆ ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಪುಕ್ಕಟೆ ಬಳಸಲು ಬಿಡುವ ಲೈಸೆನ್ಸ್. ನಾನೂ ಸರಿ ಅಂದೆ. ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಬರೆಸಿದೆ. ಅಷ್ಟು ಬರೆದಿದ್ದಕ್ಕೆ ನನಗೆ ನಾನೇ ದೊಡ್ಡ ಪ್ರಾಮಾಣಿಕಳು ಅನಿಸಿತ್ತು.

ಎಂಟು ತಿಂಗಳ ಮೇಲೆ ಕಾರ್ಖಾನೆಗೆ ಒಂದು ಈಮೇಲ್ ಬಂತು. ಯುರೋಪಿನ ಒಬ್ಬ ಫೋಟೋಗ್ರಾಫರ್ ಪರವಾಗಿ ವಕೀಲರು ಬರೆದಿದ್ದರು. ಹೆಸರು ಹಾಕದೆ ಫೋಟೋ ಬಳಸಿದ್ದೀರಿ, 600 ಯೂರೋ ಕೊಡಿ ಅಂತ. ನಮ್ಮ ದುಡ್ಡಲ್ಲಿ ಅರ್ಧ ಲಕ್ಷಕ್ಕೂ ಜಾಸ್ತಿ. ಕಾರ್ಖಾನೆಯವರು ಈಮೇಲನ್ನು ಹಾಗೇ ನನಗೆ ದಾಟಿಸಿದರು, ಒಂದು ಸಾಲೂ ಬರೆಯದೆ.

ಪಿಡಿಎಫ್ ತೆಗೆಸಿ, ಹೆಸರು ಸೇರಿಸಿ ಮತ್ತೆ ಹಾಕಿಸಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಆ ಫೋಟೋದ ಲೈಸೆನ್ಸ್ ಸಿಸಿ ಬೈ 2.0, ಅಂದರೆ ‘ತೆಗೆದವರ ಹೆಸರು ಹಾಕಿ ಬಳಸಿ’ ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ 2.0 ಆವೃತ್ತಿ. ಹಳೆಯ ಆವೃತ್ತಿಗಳಲ್ಲಿ, ಅಂದರೆ 3.0ವರೆಗೆ, ಷರತ್ತು ಮುರಿದ ಕ್ಷಣವೇ ಲೈಸೆನ್ಸ್ ತಾನಾಗಿ ಮುಗಿದುಹೋಗುತ್ತದೆ. ಆಮೇಲೆ ಹೆಸರು ಹಾಕಿದರೂ ಅದು ತಾನಾಗಿ ವಾಪಸ್ ಬರುವುದಿಲ್ಲ. 2013ರಲ್ಲಿ ಬಂದ 4.0ರಲ್ಲಿ ಮಾತ್ರ, ತಪ್ಪು ಗೊತ್ತಾದ 30 ದಿನದೊಳಗೆ ಸರಿ ಮಾಡಿದರೆ ಹಕ್ಕು ಮರಳಿ ಸಿಗುತ್ತದೆ. ಒಂದು ಪುಟ್ಟ ಅಂಕಿ, ನೋಡಿ. ಫೋಟೋ ಹಂಚುವ ವೆಬ್‌ಸೈಟ್ ಫ್ಲಿಕರ್‌ನಲ್ಲಿರುವ ಹಳೆಯ ಫೋಟೋಗಳಲ್ಲಿ ಬಹಳಷ್ಟು ಈ 2.0ರವೇ. ಹೀಗೆ ಹೆಸರು ಬಿಟ್ಟವರನ್ನು ಹುಡುಕಿ ದುಡ್ಡು ಕೇಳುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ತಪ್ಪು ಮಾಡಿದ್ದು ನಾನೇ ಅಲ್ವಾ?

ಶಿವಾಜಿನಗರದ ಒಬ್ಬ ವಕೀಲರ ಹತ್ತಿರ ಓಡಿದೆ. “ಸರ್, ಪಾಠಕ್ಕೆ ಬಳಸಿದರೆ ವಿನಾಯಿತಿ ಇದೆಯಂತಲ್ಲ?” ಅಂದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಇದೆ, ನಿಜ. ಆದರೆ ಅದು ಹೇಳುವುದು ಪಾಠದ ಭಾಗವಾಗಿ ಟೀಚರ್ ಅಥವಾ ವಿದ್ಯಾರ್ಥಿ ಮಾಡಿಕೊಳ್ಳುವ ನಕಲಿನ ಬಗ್ಗೆ. “ನೀವು ಜಿಎಸ್‌ಟಿ ಸೇರಿಸಿ ಬಿಲ್ ಕೊಟ್ಟಿದ್ದೀರಿ ತಾಯಿ, ಪುಸ್ತಕ ವೆಬ್‌ಸೈಟಲ್ಲಿದೆ. ಅದನ್ನು ನಂಬಿಕೊಂಡು ಕೂರಬೇಡಿ” ಅಂದರು.

ಪತ್ರ ವ್ಯವಹಾರ ಮಾಡಿ ಕೊನೆಗೆ ಅರ್ಧಕ್ಕೆ ಒಪ್ಪಿಸಿದೆವು. ಇನ್ನೂ ಹಂಚದ 230 ಪ್ರತಿ ಮನೆಯಲ್ಲೇ ಇತ್ತು. ಭೋಸರಿಯ ಪರಿಚಯದವರ ಗೋದಾಮಿಗೆ ಹೋಗಿ ಅವರ ಫೋರ್ಕ್‌ಲಿಫ್ಟ್ ಫೋಟೋ ನಾನೇ ತೆಗೆದೆ. ಹತ್ತು ನಿಮಿಷದ ಕೆಲಸ! ಎರಡು ಭಾನುವಾರ ನಾನು, ನಮ್ಮನೆಯವರು ಕೂತು 17ನೇ ಪುಟದ ಮೇಲೆ ಅದನ್ನು ಅಂಟಿಸಿದೆವು. ಕಾರ್ಖಾನೆ ಮಾತ್ರ ಮುಂದಿನ ವರ್ಷ ಬೇರೆಯವರನ್ನು ಕರೆಯಿತು.

ಆ ಗಾಬರಿಯಲ್ಲಿ ಉಳಿದ ಪುಟಗಳನ್ನೂ ಕೆದಕಿದೆ. ಇನ್ನಷ್ಟು ಹುಳುಕು ಸಿಕ್ಕಿತು. ಬೆನ್ನುಮೂಳೆಯ ಚಿತ್ರಕ್ಕೆ ‘ಎನ್‌ಸಿ’ ಇತ್ತು, ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಾನು ಫೀಸು ತೆಗೆದುಕೊಳ್ಳುವವಳು. ತರಬೇತಿಯ ವಿಡಿಯೋಗೆ ಹಾಕಿದ ಹಿನ್ನೆಲೆ ಸಂಗೀತಕ್ಕೆ ‘ಎನ್‌ಡಿ’ ಇತ್ತು, ಅಂದರೆ ಬದಲಾಯಿಸಿ ಹಂಚುವಂತಿಲ್ಲ. ಟ್ಯೂನ್ ಮುಟ್ಟಿಲ್ಲವಲ್ಲ ಅಂದುಕೊಂಡಿದ್ದೆ. ಆದರೆ ಸಂಗೀತವನ್ನು ದೃಶ್ಯಕ್ಕೆ ಹೊಂದಿಸಿ ಜೋಡಿಸಿದರೇ ಅದು ಬದಲಾವಣೆ ಮಾಡಿದ ಲೆಕ್ಕ. ಉಚಿತ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದ ಒಂದು ಫೋಟೋಗೆ ‘ಎಸ್‌ಎ’. ಅದರ ಮೇಲೆ ಬಾಣ ಎಳೆದು ಕನ್ನಡ ಹೆಸರು ಕೂಡಿಸಿದ್ದೆ. ಹಾಗೆ ತಿದ್ದಿದ ಚಿತ್ರವನ್ನು ನಾನೂ ಅದೇ ಲೈಸೆನ್ಸಿನಲ್ಲೇ ಹಂಚಬೇಕು. ಅದಕ್ಕೆ ನನ್ನ ತಕರಾರಿಲ್ಲ, ಆದರೆ ಹಾಗಂತ ಎಲ್ಲೂ ಬರೆದಿರಲಿಲ್ಲ.

ಈಗ ಒಂದು ಚಿತ್ರ ಇಳಿಸಿದೆ ಅಂದರೆ ಅವತ್ತೇ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ, ತಾರೀಖಿನ ಸಮೇತ. ನಾಳೆ ಚಿತ್ರದ ಒಡೆಯರು ಲೈಸೆನ್ಸ್ ಬದಲಿಸಿದರೂ, ನಾವು ತೆಗೆದುಕೊಂಡಾಗ ಇದ್ದ ಹಕ್ಕು ಹೋಗುವುದಿಲ್ಲ. ಆದರೆ ಸಾಕ್ಷಿ ಬೇಕು. ಚಿತ್ರದ ಕೆಳಗೆ ಶೀರ್ಷಿಕೆ, ತೆಗೆದವರ ಹೆಸರು, ಎಲ್ಲಿ ಸಿಕ್ಕಿತು, ಯಾವ ಲೈಸೆನ್ಸ್ ಮತ್ತು ಎಷ್ಟನೇ ಆವೃತ್ತಿ, ಅದರ ಲಿಂಕ್, ಕತ್ತರಿಸಿದ್ದರೆ ‘ಕತ್ತರಿಸಲಾಗಿದೆ’ ಅಂತ. ಪುಟ ಗಿಜಿಗಿಜಿ ಕಾಣುತ್ತದೆ ಅನ್ನುವವರು ಕೊನೆಯ ಪುಟದಲ್ಲಿ ಒಟ್ಟಿಗೆ ಹಾಕಿಕೊಳ್ಳಿ, ಪರವಾಗಿಲ್ಲ.

ನಿಮಗೆ ಆಗಲೇ ಇಂಥ ಈಮೇಲ್ ಬಂದಿದ್ದರೆ ಸುಮ್ನೆ ಅಳಿಸಿಬಿಡಬೇಡಿ. ಗಾಬರಿಯಲ್ಲಿ ದುಡ್ಡೂ ಕಳಿಸಬೇಡಿ. ಕಳಿಸಿದವರು ನಿಜಕ್ಕೂ ಆ ಫೋಟೋಗ್ರಾಫರ್ ಪರವಾಗಿ ಬರೆದವರೇ ಅಂತ ಮೊದಲು ದಾಖಲೆ ಕೇಳಿ. ಸುಳ್ಳು ಈಮೇಲ್‌ಗಳೂ ಓಡಾಡುತ್ತಿವೆ. ಆಮೇಲೆ ಫೋಟೋದ ಪುಟ ತೆರೆದು 2.0ನೋ 4.0ನೋ ನೋಡಿಕೊಂಡು ವಕೀಲರ ಹತ್ತಿರ ಹೋಗಿ. ನಾನು ಹೋದಾಗ ಅವರು ಮೊದಲು ಕೇಳಿದ್ದೇ ಅದನ್ನು. ನನಗೆ ಗೊತ್ತಿರಲಿಲ್ಲ.