ರೀಜನ್-ಫ್ರೀ ಬ್ಲೂರೇ ಪ್ಲೇಯರ್: ಐವತ್ತರ ದಶಕದ ಚಿತ್ರ ನೋಡುವವರಿಗಾಗಿ, ವರ್ಷಗಳ ಬಳಕೆಯ ನಂತರ

ಡಿಸ್ಕ್ ಮಾರುವವರು ಜಗತ್ತನ್ನು ವಲಯಗಳಾಗಿ (ರೀಜನ್) ಹಂಚಿ, ಬೇರೆ ವಲಯದ ಡಿಸ್ಕ್ ಓಡದಂತೆ ಪ್ಲೇಯರಿಗೆ ಬೀಗ ಹಾಕಿರುತ್ತಾರೆ. ನಮ್ಮಲ್ಲಿ ಸಿಗುವ ಮಾಮೂಲಿ ಪ್ಲೇಯರ್ ಓದುವುದು ಬ್ಲೂರೇಯಲ್ಲಿ ಸಿ ವಲಯ, ಡಿವಿಡಿಯಲ್ಲಿ 5. ಹಳೆಯ ಅಮೆರಿಕನ್, ಜಪಾನಿ ಚಿತ್ರಗಳ ಡಿಸ್ಕ್ ಹೆಚ್ಚಾಗಿ ಎ ವಲಯದವು. ಬ್ರಿಟನ್, ಫ್ರಾನ್ಸ್, ಇಟಲಿಯವು ಬಿ. ಎಲ್ಲ ವಲಯದ ಡಿಸ್ಕ್ ಓದುವ ರೀಜನ್-ಫ್ರೀ ಯಂತ್ರಕ್ಕೆ ಹೆಚ್ಚು ದುಡ್ಡು ಕೊಡುವುದು ಇದಕ್ಕೇ. ಆದರೆ ‘ಮಲ್ಟಿ-ರೀಜನ್’ ಎಂಬ ಚೀಟಿ ನಂಬಬೇಡಿ. ಎಷ್ಟೋ ಸಲ ಅದು ಡಿವಿಡಿಗೆ ಮಾತ್ರ. ಡಿವಿಡಿ ಬೀಗವನ್ನು ಅನೇಕ ಮಾಡೆಲ್‌ಗಳಲ್ಲಿ ರಿಮೋಟ್‌ನಿಂದಲೇ ತೆಗೆಯಬಹುದು, ಬ್ಲೂರೇಗೆ ಸಾಮಾನ್ಯವಾಗಿ ಒಳಗೆ ಚಿಪ್ ಕೂರಿಸಬೇಕು. ಮಾರಾಟಗಾರರನ್ನು ಕೇಳದೆ ಫರ್ಮ್‌ವೇರ್ (ಪ್ಲೇಯರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಆ ಬೀಗ ಮತ್ತೆ ಬಿದ್ದೀತು.

ಬೀಗ ತೆಗೆದರೆ ಅರ್ಧ ಕೆಲಸ ಮಾತ್ರ, ಉಳಿದರ್ಧ ಸೆಟ್ಟಿಂಗ್‌ನದ್ದು. 24ಪಿ ಔಟ್‌ಪುಟ್, ಅಂದರೆ ಸಿನಿಮಾದ ಸೆಕೆಂಡಿಗೆ 24 ಫ್ರೇಮನ್ನು ಹಾಗೇ ಟಿವಿಗೆ ಕಳಿಸುವ ಆಯ್ಕೆ, ಆನ್ ಮಾಡಿ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ (ನಡುವೆ ಕೃತಕ ಫ್ರೇಮ್ ಸೇರಿಸುವುದು), ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸುವುದು) ಎರಡನ್ನೂ ಆಫ್ ಮಾಡಿ. ಯುರೋಪಿನ ಪಾಲ್ (ಅಲ್ಲಿಯೂ ನಮ್ಮಲ್ಲಿಯೂ ಬಳಕೆಗೆ ಬಂದ ಟಿವಿ ಪದ್ಧತಿ) ಡಿವಿಡಿಯಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸಿರುತ್ತಾರೆ: 100 ನಿಮಿಷದ ಚಿತ್ರ 96ಕ್ಕೇ ಮುಗಿಯುತ್ತದೆ, ಶ್ರುತಿಯೂ ಕಿವಿಗೆ ತಿಳಿಯುವಷ್ಟು ಮೇಲೇರುತ್ತದೆ. ಸಂಗೀತ ಪ್ರಧಾನ ಚಿತ್ರವಾದರೆ ಬ್ಲೂರೇಯನ್ನೇ ಹುಡುಕಿ. ಹಳೆಯ ಬ್ರಿಟಿಷ್ ಟಿವಿ ಕಾರ್ಯಕ್ರಮಗಳು ಮಾತ್ರ ಮೂಲದಲ್ಲೇ 25. ಅವು 50 ಹರ್ಟ್ಸ್‌ನಲ್ಲಿ ಬರುತ್ತವೆ. ಅಮೆರಿಕದ ಅನೇಕ ಟಿವಿಗಳು ಇದಕ್ಕೆ ಮುಖ ತಿರುಗಿಸುತ್ತವೆ, ಪಾಲ್ ದೇಶದ ನಮ್ಮ ಸೆಟ್‌ಗಳಿಗೆ ಆ ತಕರಾರಿಲ್ಲ.

ಆಸ್ಪೆಕ್ಟ್ ಆಯ್ಕೆಯಲ್ಲಿ ‘ಪಿಲ್ಲರ್‌ಬಾಕ್ಸ್’ ಇಡಿ, ‘ಫುಲ್’ ಬೇಡ. 55 ಇಂಚಿನ ಪರದೆಯಲ್ಲಿ 1.37 ಅನುಪಾತದ (ಎತ್ತರದ 1.37 ಪಟ್ಟು ಅಗಲವಿರುವ) ಚಿತ್ರದ ಅಗಲ ಸುಮಾರು 37 ಇಂಚು. ಎಡಬಲದ ಕಪ್ಪು ಪಟ್ಟಿ ದೋಷವಲ್ಲ. 1953ರಲ್ಲಿ ಬಂದ ಅಗಲ ಪರದೆಯ ಸಿನಿಮಾಸ್ಕೋಪ್‌ನ 2.55 ಅನುಪಾತಕ್ಕೆ ಎತ್ತರ 19 ಇಂಚಿಗೆ ಇಳಿಯುತ್ತದೆ. ಆಗ ‘ಸಬ್‌ಟೈಟಲ್ ಶಿಫ್ಟ್’ (ಸಬ್‌ಟೈಟಲನ್ನು ಮೇಲೆ ಕೆಳಗೆ ಸರಿಸುವ ಆಯ್ಕೆ) ಇರುವ ಪ್ಲೇಯರ್ ಕೆಲಸಕ್ಕೆ ಬರುತ್ತದೆ. ಹಳೆಯ ನಾನ್-ಅನಮಾರ್ಫಿಕ್ ಡಿವಿಡಿಗಳು (ಅಗಲ ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಸಮೇತ 4:3 ಚೌಕಟ್ಟಿನಲ್ಲಿ ತುಂಬಿದವು) ನಾಲ್ಕೂ ಕಡೆ ಕಪ್ಪು ಬಿಟ್ಟು ಸಣ್ಣಗೆ ಕಾಣುತ್ತವೆ. ಜೂಮ್ ಒತ್ತಿದರೆ ಕೆಳಪಟ್ಟಿಯಲ್ಲಿದ್ದ ಸಬ್‌ಟೈಟಲ್ ಹೊರಗೆ ಹೋಗುತ್ತದೆ. ಇದಕ್ಕೆ ಅನೇಕ ಯಂತ್ರಗಳಲ್ಲಿ ಒಳ್ಳೆಯ ಮದ್ದಿಲ್ಲ.

ಚಿತ್ರ ಮಸುಕಾದ ಕೂಡಲೇ ಪ್ಲೇಯರನ್ನು ಬೈಯಬೇಡಿ. ಜಪಾನಿನ ನಿರ್ದೇಶಕ ಓಝು ಅವರ ‘ಟೋಕಿಯೋ ಸ್ಟೋರಿ’ಯ (1953) ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿದೆ, ಇಂದಿನ ಡಿಸ್ಕ್‌ಗಳು ನಂತರದ ಪ್ರತಿಗಳಿಂದ ಬಂದವು. ಅಮೆರಿಕದ ಆರಂಭಿಕ ನೇರಪ್ರಸಾರಗಳು ಉಳಿದಿರುವುದೇ ಕಿನೆಸ್ಕೋಪ್‌ನಲ್ಲಿ, ಅಂದರೆ ಮಾನಿಟರನ್ನೇ ಫಿಲ್ಮಿಗೆ ಹಿಡಿದ ಪ್ರತಿಯಲ್ಲಿ. ಅಂಚು ಬಾಗಿ, ಬಿಳುಪು ಹರಡಿರುತ್ತದೆ. ಅದೇ ಕಾಲದ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಯನ್ನು 1951ರಿಂದ 35 ಎಂಎಂ ಫಿಲ್ಮಿನಲ್ಲಿ ಮೂರು ಕ್ಯಾಮೆರಾ ಇಟ್ಟು ತೆಗೆದರು. ಪ್ಲೇಯರ್‌ ಪರೀಕ್ಷೆಗೆ ಇಂಥ ಡಿಸ್ಕ್ ಹಾಕಿ. ಅದೂ ಮಸುಕಾಗಿದ್ದರೆ ತಪ್ಪು ಸೆಟ್ಟಿಂಗ್‌ನದ್ದು.

ಸವೆತದ ವಿಷಯ: ಮೊದಲು ಕೈಕೊಡುವುದು ಟ್ರೇಯ ರಬ್ಬರ್ ಬೆಲ್ಟ್. ಸಡಿಲಾದರೆ ಟ್ರೇ ಗುರ್ ಎನ್ನುತ್ತದೆ, ತೆರೆಯುವುದಿಲ್ಲ. ಪ್ಲಗ್ ತೆಗೆದು, ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅದೇ ಅಳತೆಯ ಬೆಲ್ಟ್ ಹಾಕಿದರೆ ಸಾಕು. ಚಿತ್ರದ ನಡುವೆ ಅರೆಕ್ಷಣ ನಿಂತರೆ ಅದು ಡಿಸ್ಕಿನ ಪದರ ಬದಲಾಗುವ ಜಾಗ. ಹಲವೆಡೆ ನಿಂತರೆ ಡಿಸ್ಕಿನ ಕೊಳೆ-ಗೀರು, ಇಲ್ಲವೇ ಲೇಸರ್ ಲೆನ್ಸ್‌ನ ಧೂಳು. ಮಳೆಗಾಲದಲ್ಲಿ ಡಿಸ್ಕ್‌ಗೆ ಬೂಷ್ಟು ಕಟ್ಟಿದರೆ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಬೇಡ.

ಹಳೆಯ ಕನ್ನಡ ಚಿತ್ರಗಳ ವಿಸಿಡಿ ಇಟ್ಟುಕೊಂಡವರು ಗಮನಿಸಿ: ಅನೇಕ ಬ್ಲೂರೇ ಪ್ಲೇಯರ್‌ಗಳು ವಿಸಿಡಿ ಓದುವುದೇ ಇಲ್ಲ. ಅವಕ್ಕಾಗಿ ಹಳೆಯ ಡಿವಿಡಿ ಪ್ಲೇಯರನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಿ.