ರೂಟರ್ ಉಳಿಸೋಕೆ ಸ್ಪೈಕ್ ಗಾರ್ಡಾ, ವೋಲ್ಟೇಜ್ ಕಟ್-ಆಫಾ, ಮಿನಿ ಯುಪಿಎಸ್ಸಾ?

ನನ್ನ ಓಟು ಮೇನ್ ಬೋರ್ಡಿನಲ್ಲಿ ಕೂರಿಸುವ ವೋಲ್ಟೇಜ್ ಕಟ್-ಆಫ್‌ಗೆ. ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಚಿತ್ರದುರ್ಗದಲ್ಲಿ ಭರಣಿ ಮಳೆ ಅಂದ್ರೆ ಗುಡುಗು, ಗಾಳಿ ಎರಡೂ ಜಾಸ್ತಿ. ಅಂಥ ಒಂದು ಗಾಳಿಗೆ ನಮ್ಮ ಬೀದಿಯ ಕಂಬದಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಟ್ಟಾಯಿತು. ಹಾಗಾದಾಗ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರವೂ ಬರಬಹುದು. ರೂಟರ್, ಫೈಬರ್ ಮೋಡೆಮ್ ಎರಡೂ ಸುಟ್ಟವು. ಎರಡೂ ಸ್ಪೈಕ್ ಗಾರ್ಡಿನಲ್ಲೇ ಇದ್ದವು!

ಸ್ಪೈಕ್ ಗಾರ್ಡಿನ ಒಳಗೆ ಎಂಒವಿ ಅನ್ನೋ ಸಣ್ಣ ಬಿಲ್ಲೆ ಇರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ಏಟನ್ನು ಅದು ತಡೆಯುತ್ತದೆ. ನಿಮಿಷಗಟ್ಟಲೆ ಹೆಚ್ಚು ವೋಲ್ಟೇಜ್ ಬಂದರೆ ತಾನೇ ಕಾದು ಸುಡುತ್ತದೆ. ಪ್ರತಿ ಏಟಿಗೂ ಸವೆಯುತ್ತದೆ ಕೂಡ. ಸ್ವಿಚ್ಚಿನ ಕೆಂಪು ದೀಪ ನೋಡಿದರೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು ತಲೆನೋವು ಅರ್ಥಿಂಗ್. ಸಿಡಿಲಿನ ಏಟನ್ನು ನೆಲಕ್ಕೆ ಇಳಿಸೋಕೆ ದಾರಿ ಬೇಕಲ್ವಾ? ನಮ್ಮ ಕಡೆ ಸ್ವಲ್ಪ ಅಗೆದರೆ ಬಂಡೆ. ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯದು ಸುಮ್ನೆ ಹೆಸರಿಗೆ. ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ ನೋಡಿದರು, ಮಂಕಾಗಿ ಉರಿಯಿತು, ಅಂದ್ರೆ ಅರ್ಥಿಂಗ್ ಸರಿಯಿಲ್ಲ. ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಈ ಖರ್ಚು ಸ್ಪೈಕ್ ಗಾರ್ಡಿನ ಬೆಲೆಗಿಂತ ಎಷ್ಟೋ ಜಾಸ್ತಿ, ಆದರೆ ಇಡೀ ಮನೆಗೆ ಬೇಕಾದದ್ದು.

ವೋಲ್ಟೇಜ್ ಮಿತಿ ಮೀರಿದ ಕೂಡಲೇ ಕಟ್-ಆಫ್ ಲೈನ್ ಕಡಿಯುತ್ತದೆ, ಸರಿಯಾದ ಮೇಲೆ ಸ್ವಲ್ಪ ಕಾದು ತಾನೇ ಕೊಡುತ್ತದೆ. ಸಿಡಿಲಿನ ವೇಗಕ್ಕೆ ಮಾತ್ರ ಅದರ ರಿಲೇ ಸಾಲದು. ಅದಕ್ಕೇ ಪಕ್ಕದಲ್ಲಿ ಟೈಪ್ 2 ಎಸ್‌ಪಿಡಿ (ಅಂಥ ಏಟನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿಸಿದೆ. ನನ್ನದರಲ್ಲಿ ಸಣ್ಣ ಕಿಟಕಿ ಇದೆ. ಹಸಿರು ಹೋಗಿ ಕೆಂಪಾದರೆ ಬದಲಾಯಿಸಬೇಕು, ಅಷ್ಟೇ.

ಮಿನಿ ಯುಪಿಎಸ್ ಕರೆಂಟ್ ಹೋದಾಗ ನೆಟ್ ಉಳಿಸುತ್ತದೆ. ಆದರೆ ಅದರ ಪ್ಲಗ್ಗೂ ಗೋಡೆಯಲ್ಲೇ ಇರುತ್ತದೆ, ಏಟು ಅದಕ್ಕೂ ಬೀಳುತ್ತದೆ. ನಾನು ಅಂಗಡಿಯಿಂದ ಬರೋದೇ ರಾತ್ರಿ, ಮಳೆ ಬರೋದು ಸಂಜೆ. ಪ್ಲಗ್ ಕೀಳೋರು ಯಾರು?

ಫೈಬರ್ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಮಹಡಿಯ ಕ್ಯಾಮೆರಾಗೆ ಹೋಗುವ ಲ್ಯಾನ್ ವೈರ್ ತಾಮ್ರದ್ದು, ಆ ದಾರಿಯಲ್ಲೂ ಏಟು ಬರುತ್ತದೆ.

ಬಾಡಿಗೆ ಮನೆಯವರಿಗೆ ಬೋರ್ಡ್ ಮುಟ್ಟಲು ಮಾಲೀಕರು ಬಿಡದಿದ್ದರೆ ಮಿನಿ ಯುಪಿಎಸ್ಸೇ ಸರಿ. ತಗೊಳ್ಳುವಾಗ ರೂಟರ್ 9 ವೋಲ್ಟಿನದೋ 12ರದೋ ನೋಡಿಕೊಳ್ಳಿ. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಲ್ಯಾನ್ ವೈರನ್ನೂ ಕಿತ್ತಿಡಿ, ಸಿಡಿಲು ಹತ್ತಿರ ಬಂದ ಮೇಲೆ ವೈರ್ ಮುಟ್ಟಬೇಡಿ.